ಪ್ರಾಸ್ಟೇಟ್ ಕ್ಯಾನ್ಸರ್: ಪತ್ತೆಯಾದ ಮೇಲಿನ ಪ್ರಶ್ನೆ

ಶಿರೂರಿನಂಥ ಊರಿನಲ್ಲಿ ಅಜ್ಜ ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಎದ್ದರೆ ಮನೆಯವರು "ಪ್ರಾಯವಾಯಿತಲ್ಲ" ಎಂದು ಸುಮ್ಮನಾಗುವುದನ್ನು ನೀವು ನೋಡಿರಬಹುದು. ಹೇಳಿಕೊಳ್ಳಲು ಅಜ್ಜನಿಗೂ ಸಂಕೋಚ. ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯನ್ನು ಪುಸ್ತಕಗಳು ಅಕ್ರೋಟಿಗೆ ಹೋಲಿಸುತ್ತವೆ; ನಮಗೆ ಸಿಪ್ಪೆ ಸುಲಿಯದ ಅಡಿಕೆ ಎಂದರೆ ಬೇಗ ತಿಳಿದೀತು. ಮೂತ್ರನಾಳ ಇದರ ನಡುವೆಯೇ ಹಾದುಹೋಗುತ್ತದೆ. ವಯಸ್ಸಾದಂತೆ ಗ್ರಂಥಿ ದೊಡ್ಡದಾಗುವುದು ಸಾಮಾನ್ಯ. ಅದು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಆದರೋ, ಆರಂಭದಲ್ಲಿ ಯಾವ ಸೂಚನೆಯನ್ನೂ ಕೊಡದಿರಬಹುದು.

ರಕ್ತದಲ್ಲಿ ಪಿ.ಎಸ್.ಎ. ಎಂಬ ಪ್ರೋಟೀನನ್ನು ಅಳೆಯುವುದು ಮೊದಲ ಪರೀಕ್ಷೆ. ಸೋಂಕಿನಿಂದಲೂ ಅದು ಏರುವುದರಿಂದ ಅಂಕಿ ನೋಡಿ ಹೆದರಬೇಕಿಲ್ಲ. ಮಣಿಪಾಲದಂಥ ದೊಡ್ಡ ಆಸ್ಪತ್ರೆಯಲ್ಲಿ ಸೂಜಿಯಿಂದ ಗ್ರಂಥಿಯ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ರೋಗ ಖಚಿತ.

ಆಮೇಲೆ ಏನು? ಬ್ರಿಟನ್ನಿನಲ್ಲಿ 1999ರಲ್ಲಿ ಆರಂಭವಾದ ಸಂಶೋಧನೆಯೊಂದು, ಕ್ಯಾನ್ಸರ್ ಗ್ರಂಥಿಯಾಚೆ ಹರಡದ 1643 ಮಂದಿಯನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿತು: ಶಸ್ತ್ರಚಿಕಿತ್ಸೆ, ವಿಕಿರಣ, ಬರೇ ನಿಗಾ. 2023ರಲ್ಲಿ ಪ್ರಕಟವಾದ 15 ವರ್ಷಗಳ ಫಲಿತಾಂಶದಂತೆ ಮೂರರಲ್ಲೂ ಈ ರೋಗದಿಂದ ಸತ್ತವರು ನೂರಕ್ಕೆ ಸುಮಾರು ಮೂವರು. ನಿಗಾದಲ್ಲಿದ್ದವರಲ್ಲಿ ರೋಗ ಹರಡಿದ್ದು ಮಾತ್ರ ಇತರರ ಸುಮಾರು ಇಮ್ಮಡಿ. ಸಂಶೋಧಕರು ರೋಗಿಗಳನ್ನೇ ಅವರ ದಿನಚರಿಯ ಬಗ್ಗೆಯೂ ಕೇಳಿದರು. ಆರು ವರ್ಷಗಳ ನಂತರವೂ ಮೂತ್ರ ಸೋರಿಕೆಗೆ ಪ್ಯಾಡ್ ಬಳಸುತ್ತಿದ್ದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇಕಡಾ 17, ನಿಗಾದಲ್ಲಿ 8, ವಿಕಿರಣದಲ್ಲಿ 4. ಶಿರೂರಿನಿಂದ ಕುಂದಾಪುರಕ್ಕೆ ಬಸ್ಸಿನಲ್ಲಿ ಓಡಾಡುವವರಿಗೆ ಇದು ಸಣ್ಣ ಸಂಗತಿಯೇ? ಆದರೆ ಆಯ್ದುಕೊಳ್ಳುವ ಈ ಅವಕಾಶ ರೋಗ ಬೇಗ ಪತ್ತೆಯಾದವರಿಗೆ ಮಾತ್ರ. ಎಲುಬಿಗೆ ಹರಡಿದ ಮೇಲೆ ಚಿಕಿತ್ಸೆಯ ದಾರಿಯೇ ಬೇರೆ.