ಸುರಂಗದ ನೀರು, ಪಂಪಿನ ಲೆಕ್ಕ: ಕೃಷಿಯಲ್ಲಿ ಶಕ್ತಿಯ ಮಿತಬಳಕೆ

ಭಾರತದಲ್ಲಿ ಬಳಕೆಯಾಗುವ ವಿದ್ಯುತ್ತಿನ ಸುಮಾರು ಆರನೆಯ ಒಂದು ಪಾಲು ಕೃಷಿಗೆ ಸಲ್ಲುತ್ತದೆ. ಅದರ ಬಹುಭಾಗ ವ್ಯಯವಾಗುವುದು ನೀರೆತ್ತುವುದಕ್ಕೆ. ಆದುದರಿಂದ ಕೃಷಿಯಲ್ಲಿ ಶಕ್ತಿಯ ದಕ್ಷತೆಯನ್ನು ಬೋಧಿಸುವಾಗ ನೀರು ಎಷ್ಟು ಆಳದಲ್ಲಿದೆ ಎಂಬ ಪ್ರಶ್ನೆಯಿಂದ ಆರಂಭಿಸುವುದು ಉಚಿತ.

ಹೊಸಂಗಡಿ ಪರಿಸರದ ಶಾಲೆಗಳಿಗೆ ಇದರ ನಿದರ್ಶನ ದೂರವಿಲ್ಲ. ಇಲ್ಲಿಂದ ಪೂರ್ವಕ್ಕೆ ಪೈವಳಿಕೆ, ಬಾಯಾರು, ಎಣ್ಮಕಜೆಗಳ ಗುಡ್ಡಗಳಲ್ಲಿ ರೈತರು ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಸುರಂಗಗಳನ್ನು ನಿರ್ಮಿಸಿದ್ದಾರೆ. ಒಬ್ಬ ಮನುಷ್ಯ ನಿಂತು ಅಗೆಯುವಷ್ಟೇ ಎತ್ತರ ಮತ್ತು ಅಗಲ. ನೆಲ ಹೊರಮುಖವಾಗಿ ತುಸು ಇಳಿಜಾರು. ಮಳೆಗಾಲದಲ್ಲಿ ಗುಡ್ಡದೊಳಗೆ ಇಂಗಿದ ನೀರು ಕಲ್ಲಿನ ಸೆಲೆಗಳಿಂದ ಒಸರಿ, ತಾನಾಗಿಯೇ ಹೊರಬಂದು ತೊಟ್ಟಿಯನ್ನು ತುಂಬುತ್ತದೆ. ತೊಟ್ಟಿಯು ಅಡಿಕೆ ತೋಟಕ್ಕಿಂತ ಹತ್ತು ಮೀಟರ್ ಮೇಲಿದ್ದರೆ ಕೊಳವೆಯ ತುದಿಯಲ್ಲಿ ಸುಮಾರು ಒಂದು ವಾಯುಭಾರದಷ್ಟು ಒತ್ತಡ ದೊರೆಯುತ್ತದೆ. ಹನಿ ನೀರಾವರಿಗೆ ಸಾಮಾನ್ಯವಾಗಿ ಇಷ್ಟು ಸಾಕು. ಇಲ್ಲಿ ಕೆಲಸ ಮಾಡುವುದು ಗುರುತ್ವ; ವಿದ್ಯುತ್ತು ಬೇಕಿಲ್ಲ.

ಇದನ್ನು ಕೊಳವೆಬಾವಿಯೊಡನೆ ಹೋಲಿಸಬಹುದು. 10,000 ಲೀಟರ್ ನೀರನ್ನು 60 ಮೀಟರ್ ಎತ್ತಲು ಬೇಕಾದ ಶಕ್ತಿ:

10,000 × 9.8 × 60 = 58,80,000 ಜೂಲ್

ಒಂದು ಯೂನಿಟ್ ವಿದ್ಯುತ್ತೆಂದರೆ 36,00,000 ಜೂಲ್. ಹಾಗಾಗಿ ಲೆಕ್ಕಕ್ಕೆ ಬರುವುದು ಸುಮಾರು 1.6 ಯೂನಿಟ್. ಪಂಪುಸೆಟ್ಟಿನ ದಕ್ಷತೆ ಶೇಕಡಾ 40 ಆದರೆ ಖರ್ಚಾಗುವುದು ಸುಮಾರು 4 ಯೂನಿಟ್. ಶೇಕಡಾ 60 ಆದರೆ 2.7. ನೀರು 120 ಮೀಟರಿಗೆ ಇಳಿದರೆ ಎರಡೂ ಇಮ್ಮಡಿಯಾಗುತ್ತವೆ. ಅಂದರೆ ಅಂತರ್ಜಲ ಕುಸಿದಾಗ ಉತ್ತಮ ಪಂಪಿನಿಂದಾದ ಉಳಿತಾಯವೂ ಕರಗಿಹೋಗುತ್ತದೆ.

ಸುರಂಗಕ್ಕೂ ಮಿತಿಯುಂಟು. ಅದರ ಹರಿವು ಸಣ್ಣದು. ಬೇಸಿಗೆಯಲ್ಲಿ ಇನ್ನಷ್ಟು ಕ್ಷೀಣಿಸುತ್ತದೆ. ತೋಡುವ ಶ್ರಮವೂ ಅಪಾಯವೂ ಹೆಚ್ಚು. ಹೆಚ್ಚು ನೀರು ಬೇಕಾದವರು ಕೊಳವೆಬಾವಿಯತ್ತ ತಿರುಗಿದ್ದು ಸಹಜ. ಆದರೆ ಉಚಿತ ವಿದ್ಯುತ್ತು ನಿಜವಾದ ವೆಚ್ಚವನ್ನು ಮರೆಮಾಡುತ್ತದೆ. ಗಡಿಯಾಚೆಯ ಕರ್ನಾಟಕದಲ್ಲಿ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪುಗಳಿಗೆ ರೈತರು ಬಿಲ್ಲು ತೆರಬೇಕಿಲ್ಲ. ಆ ಹಣವನ್ನು ಸರಕಾರ ಭರಿಸುತ್ತದೆ. 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯ ಸೌರ ಪಂಪುಗಳು ವಿದ್ಯುತ್ತಿನ ಹೊರೆಯನ್ನು ತಗ್ಗಿಸುತ್ತವೆ. ಅಂತರ್ಜಲವನ್ನು ಉಳಿಸಲು ಮಾತ್ರ ಮಿತವಾದ ಬಳಕೆ ಮತ್ತು ಮಳೆನೀರಿನ ಇಂಗಿಸುವಿಕೆ ಎರಡೂ ಬೇಕು.

ತರಗತಿಯ ಚಟುವಟಿಕೆ

1. ಮನೆಯ ನೀರಿನ ಮೂಲ ಯಾವುದು, ಆಳವೆಷ್ಟು, ಪಂಪು ಎಷ್ಟು ಅಶ್ವಶಕ್ತಿಯದು, ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ ಎಂಬುದನ್ನು ಮಕ್ಕಳು ಹಿರಿಯರಿಂದ ಕೇಳಿ ಬರೆದು ತರಲಿ.

2. 1 ಅಶ್ವಶಕ್ತಿ 746 ವ್ಯಾಟ್ ಎಂದು ತಿಳಿಸಿ, ದಿನದ ಯೂನಿಟ್ ಅಂದಾಜನ್ನು ಅವರಿಂದಲೇ ಮಾಡಿಸಬೇಕು.

3. ಸುರಂಗವಿರುವ ಮನೆಯ ಮಕ್ಕಳು ಅದರ ಅಡ್ಡಕೊಯ್ತದ ಚಿತ್ರ ಬರೆದು ವಿವರಿಸಲಿ. ಯಾರೂ ಸುರಂಗದ ಒಳಗೆ ಹೋಗಕೂಡದು. ಗಾಳಿಯ ಕೊರತೆ ಮತ್ತು ಕುಸಿತದ ಭಯವಿದೆ.

ಮೌಲ್ಯಮಾಪನದ ಪ್ರಶ್ನೆ: ತೋಟಕ್ಕೆ ಹಾಯಿಸುವ ನೀರು ಅರ್ಧಕ್ಕಿಳಿದರೆ ವಿದ್ಯುತ್ ಎಷ್ಟು ಉಳಿಯುತ್ತದೆ? ಕಾರಣ ಸಹಿತ ಬರೆಯಿರಿ.