ಒಂದೇ ಪಡಸಾಲೆ, ಎರಡು ನಾಯಿ

ಸಿಂಧನೂರಿನ ಹೊಸ ಬಡಾವಣೆಗಳಲ್ಲಿ ಎರಡು ನಾಯಿ ಸಾಕಿದ ಮನೆಗಳು ಈಗ ಅಪರೂಪವಲ್ಲ. ಮೊದಲನೆಯದು ಹೊಲದಿಂದ ಹಿಂಬಾಲಿಸಿ ಬಂದ ಜವಾರಿ ನಾಯಿ. ಎರಡನೆಯದು ಮಗ ಹಟ ಹಿಡಿದು ತರಿಸಿದ ಲ್ಯಾಬ್ರಡಾರೋ ಮುಧೋಳ ತಳಿಯದೋ. ಮರಿಯಾಗಿರುವಷ್ಟು ದಿನ ಹಳೆಯದು ಎಲ್ಲವನ್ನೂ ಸಹಿಸುತ್ತದೆ, ಮೈಮೇಲೆ ಹತ್ತಿಸಿಕೊಂಡು ಆಡಿಸುತ್ತದೆ. ಮರಿಗೆ ವರ್ಷ ದಾಟಿ ಎರಡು ತುಂಬುವ ಹೊತ್ತಿಗೆ, ಒಂದು ಸಂಜೆ ರೊಟ್ಟಿ ಚೂರಿಗೋ ಬಾಗಿಲ ಸಂದಿಗೋ ಕಾದಾಟ ಹತ್ತಿಕೊಳ್ಳುತ್ತದೆ. ‘ನಿನ್ನೆ ತನಕ ಒಂದೇ ತಾಟಿನ್ಯಾಗ ತಿಂತಿದ್ವು ರೀ’ ಎಂದು ಮನೆಯವರು ಕೈಚೆಲ್ಲುತ್ತಾರೆ.

ಆ ಒಂದೇ ತಾಟಿನಿಂದಲೇ ವಿಚಾರಣೆ ಶುರುವಾಗಬೇಕು.

ಲಿಂಗಸುಗೂರು, ಮಸ್ಕಿ ಕಡೆಯ ಹೊಲಗಳಲ್ಲಿ ಕುರಿ ತರುಬಿದಾಗ ಕುರಿಗಾರರ ಜೊತೆ ಎರಡು ಮೂರು ನಾಯಿ ಇದ್ದೇ ಇರುತ್ತವೆ. ರಾತ್ರಿ ಒಂದು ಈ ಬದು ಹಿಡಿದರೆ ಇನ್ನೊಂದು ಆ ಬದು ಹಿಡಿಯುತ್ತದೆ. ಹಾಕಿದ ನುಚ್ಚನ್ನು ದೂರ ದೂರ ನಿಂತು ತಿನ್ನುತ್ತವೆ. ಸಿಟ್ಟು ಬಂದ ನಾಯಿಗೆ ಎದ್ದು ಹೋಗಲು ಇಡೀ ಹೊಲವಿದೆ. ಮೂವತ್ತು-ನಲವತ್ತು ಅಳತೆಯ ನಿವೇಶನದ ಮನೆಯಲ್ಲಿ ಆ ಅವಕಾಶವಿಲ್ಲ. ಇರುವುದು ಒಂದೇ ಗೇಟು, ಒಂದೇ ನೀರಿನ ಬೋಗುಣಿ, ಏಪ್ರಿಲ್-ಮೇ ಬಿಸಿಲಿಗೆ ನೆರಳಾಗುವ ಒಂದೇ ಮೂಲೆ, ಸಂಜೆ ಬೈಕು ಇಳಿದು ಬರುವ ಒಬ್ಬನೇ ಯಜಮಾನ.

‘ಎರಡರಲ್ಲಿ ಯಾವುದು ದೊಡ್ಡದು ಅಂತ ಅವೇ ತೀರ್ಮಾನ ಮಾಡಿಕೊಳ್ಳಲಿ ಬಿಡ್ರೀ’ ಎಂಬ ಸಲಹೆ ಎಲ್ಲ ಕಟ್ಟೆಗಳಲ್ಲೂ ಸಿಗುತ್ತದೆ. ಇದರ ಮೂಲ ದೂರದ್ದು. ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ 1947ರಲ್ಲಿ ಬರೆದ ಪ್ರಬಂಧದಿಂದ ಹಿಂಡಿಗೊಬ್ಬ ‘ಆಲ್ಫಾ’ ಎಂಬ ಮಾತು ಹರಡಿತು. ಅದನ್ನು ತಮ್ಮ 1970ರ ಪುಸ್ತಕದಲ್ಲಿ ಜನಪ್ರಿಯಗೊಳಿಸಿದ ಅಮೆರಿಕದ ಡೇವಿಡ್ ಮೆಕ್ ಅವರೇ, ಕಾಡಿನ ತೋಳದ ಹಿಂಡು ಅಂದರೆ ತಂದೆ-ತಾಯಿ-ಮಕ್ಕಳ ಸಂಸಾರ ಎಂದು 1999ರಲ್ಲಿ ತಿದ್ದಿ ಬರೆದರು. ಕಟ್ಟೆಗೆ ಆ ತಿದ್ದುಪಡಿ ಇನ್ನೂ ತಲುಪಿಲ್ಲ. ಕಾದಾಡಿ ತೀರ್ಮಾನಿಸಲಿ ಎಂದು ಬಿಟ್ಟರೆ ಕಿವಿ ಹರಿಯುತ್ತದೆ, ಹಗೆ ಗಟ್ಟಿಯಾಗುತ್ತದೆ.

ಟಫ್ಟ್ಸ್ ವಿಶ್ವವಿದ್ಯಾಲಯದ ಪಶುವೈದ್ಯರು 38 ಜೋಡಿಗಳ ಜಗಳವನ್ನು ಪರಿಶೀಲಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇ 79ರಷ್ಟು ಜಗಳ ಒಂದೇ ಲಿಂಗದ ನಾಯಿಗಳ ನಡುವಿನದು. ಶೇ 68ರಲ್ಲಿ ಒಂದಾದರೂ ಹೆಣ್ಣು ನಾಯಿಯಿತ್ತು. ಕಾಲು ಕೆರೆದದ್ದು ಹೆಚ್ಚಾಗಿ ಚಿಕ್ಕದು, ಹೊಸದು. ಗಂಡು ನಾಯಿಗಳೇ ಜಗಳಗಂಟಿಗಳು ಎಂದುಕೊಂಡು ಎರಡು ಹೆಣ್ಣುಮರಿ ತರುವವರು ಇದನ್ನು ಗಮನಿಸಬೇಕು.

ಜಗಳ ಹೇಳದೆ ಬರುವುದಿಲ್ಲ. ಹಳೆಯ ನಾಯಿ ರೊಟ್ಟಿ ಅಗಿಯುತ್ತಿದೆ ಎನ್ನಿ. ಚಿಕ್ಕದು ಎರಡು ಹೆಜ್ಜೆ ಹತ್ತಿರ ಬಂತು. ಅಗಿಯುವುದು ನಿಂತಿತು. ತಲೆ ತಾಟಿನ ಮೇಲೇ ಇದೆ, ಕಣ್ಣು ಮಾತ್ರ ಓರೆಯಾಗಿ ಬಿಳಿ ಕಾಣುತ್ತದೆ. ಬಾಲ ಸೆಟೆಯಿತು, ಬಾಯಿ ಬಿಗಿಯಿತು, ಬೆನ್ನ ಕೂದಲು ನಿಮಿರಿತು. ಗುರ್ ಎನ್ನುವುದು ಆಮೇಲೆ. ಇಷ್ಟರಲ್ಲಿ ಯಾರಾದರೂ ಚಿಕ್ಕದನ್ನು ಹೆಸರು ಹಿಡಿದು ಕರೆದು ಹೊರಗೆ ಕರೆದೊಯ್ದರೆ ಅಲ್ಲಿಗೆ ಮುಗಿಯಿತು. ನಾವು ಮಾಡುವುದು ಬೇರೆ: ಗುರ್ ಎಂದದ್ದಕ್ಕೆ ಒಂದು ಏಟು ಹಾಕುತ್ತೇವೆ. ಏಟು ತಿಂದ ನಾಯಿ ಗುರ್ ಎನ್ನುವುದನ್ನು ಬಿಡುತ್ತದೆ, ಕಚ್ಚುವುದನ್ನಲ್ಲ. ಮುಂದಿನ ಸಲ ಮುನ್ಸೂಚನೆಯೂ ಇರುವುದಿಲ್ಲ.

ಹತ್ತಿಕೊಂಡ ಜಗಳದ ನಡುವೆ ಕೈ ಹಾಕಬಾರದು, ಕೊರಳಪಟ್ಟಿ ಹಿಡಿದು ಎಳೆಯಬಾರದು. ಬಕೆಟ್ ನೀರು ಎರಚಿ, ಕಂಬಳಿ ಎಸೆಯಿರಿ, ನಡುವೆ ಹಲಗೆ ತೂರಿಸಿ. ಮನುಷ್ಯರಿಗೆ ಹಲ್ಲು ತಾಗಿದರೆ ಹರಿಯುವ ನೀರಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಿಕೊಳ್ಳಬೇಕು. ಮನೆ ನಾಯಿಯಲ್ಲವೇ ಎಂಬ ಉದಾಸೀನ ಬೇಡ.

ಜಗಳವಾದ ಮೇಲೆ ಮುಖಕ್ಕೆ ಮುಖ ಹಿಡಿದು ರಾಜಿ ಮಾಡಿಸುವ ಅವಸರವೂ ಬೇಡ. ಕೆಲವು ದಿನ ಬೇರೆ ಬೇರೆ ಕೋಣೆ, ಬೇರೆ ತಾಟು, ಎರಡೆರಡು ಕಡೆ ನೀರು. ಆಮೇಲೆ ಭೇಟಿ ಮನೆಯ ಹೊರಗೆ. ಸಿಂಧನೂರಿನವರಿಗೆ ತುಂಗಭದ್ರಾ ಎಡದಂಡೆಯ ಕಾಲುವೆಗಳಿವೆ: ಒಬ್ಬರು ಒಂದು ದಂಡೆಯಲ್ಲಿ, ಇನ್ನೊಬ್ಬರು ಎದುರು ದಂಡೆಯಲ್ಲಿ ಹಗ್ಗ ಹಿಡಿದು ಒಂದೇ ದಿಕ್ಕಿಗೆ ನಡೆಯಲಿ. ಎರಡೂ ನೆಲ ಮೂಸುತ್ತಾ ಹಗುರಾಗಿ ನಡೆಯತೊಡಗಿದಾಗ, ದಿನಕ್ಕಿಷ್ಟು ಎಂದು ಅಂತರ ಕಡಿಮೆ ಮಾಡಬಹುದು. ಮಸ್ಕಿಯವರು ಗುಡ್ಡದ ಕಡೆಯ ಬಯಲಿಗೆ ಹೋದರಾಯಿತು. ಎರಡಕ್ಕೂ ತನ್ನದು ಎನಿಸದ ಜಾಗ ಬೇಕು, ಅಷ್ಟೇ.

ಅಲ್ಲಿಯವರೆಗೆ ಸುಮ್ಮನಿದ್ದ ಹಳೆಯ ನಾಯಿ ಏಕಾಏಕಿ ಮುನಿಯತೊಡಗಿದರೆ ಮೊದಲು ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಕಿವಿಯ ಸೋಂಕು, ಕೀಲುನೋವು, ಉಣ್ಣೆಯಿಂದ ಬಂದ ಜ್ವರ ಎಷ್ಟೋ ಸಲ ಕಾರಣವಾಗಿರುತ್ತದೆ. ಹೆಣ್ಣು ನಾಯಿ ಬೆದೆಗೆ ಬಂದ ದಿನಗಳಲ್ಲಿ ಎರಡು ಗಂಡುಗಳನ್ನು ಒಟ್ಟಿಗೆ ಬಿಡುವುದು ಜಗಳಕ್ಕೆ ಕರೆ ಕೊಟ್ಟಂತೆ. ಸಂತಾನಹರಣ ಶಸ್ತ್ರಚಿಕಿತ್ಸೆ ಅಲ್ಲಿ ಉಪಯೋಗಕ್ಕೆ ಬರಬಹುದು. ಎರಡು ಹೆಣ್ಣುಗಳ ಹಗೆಗೆ ಅದೊಂದೇ ಮದ್ದೆಂದು ನಂಬಿ ಕೂರುವಂತಿಲ್ಲ.

ಇಷ್ಟಾದರೂ ಹೊಂದದ ಜೋಡಿಗಳಿವೆ. ನಮ್ಮ ಕಡೆ ಊರಲ್ಲೊಂದು ಮನೆ, ಹೊಲದಲ್ಲೊಂದು ಮನೆ ಇರುವವರು ಬಹಳ; ಒಂದನ್ನು ಅಲ್ಲಿಗೆ ಕಳಿಸುವುದು ಸೋಲೇನಲ್ಲ. ಆದರೆ ಪಂಪ್‌ಸೆಟ್ಟಿನ ಕಂಬಕ್ಕೆ ಸರಪಳಿ ಬಿಗಿದು, ನಾಲ್ಕು ದಿನಕ್ಕೊಮ್ಮೆ ಹೋಗಿ ಬರುವುದಾದರೆ ಬೇಡ. ಆ ಹೊಲದ ಮನೆಯಲ್ಲಿ ದಿನವೂ ಇದ್ದು, ಹೊತ್ತಿಗೆ ಸರಿಯಾಗಿ ಅನ್ನ ನೀರು ಇಡುವ ಆಳು ಇದ್ದರೆ ಮಾತ್ರ ಕಳಿಸಿ.