ಮಳೆ ಇಲ್ಲ ಅಂದ್ರೆ ಕಡಲು ಶಾಂತ ಅಂತಲ್ಲ

ಅಳಿವೆಯಲ್ಲಿ ಪಂಜರ ಮೀನು, ನೀಲಿಕಲ್ಲು ಸಾಕುವ ಗೆಳೆಯರು ಗದ್ದೆಗೆ ನೋಡುವ ಮಳೆ ಆ್ಯಪ್ ನೋಡಿಯೇ ದೋಣಿ ಇಳಿಸುತ್ತಾರೆ. ನಾನೂ ಹಾಗೇ ಮಾಡ್ತಿದ್ದೆ. ಹೊನ್ನಾವರದ ಶರಾವತಿ ಅಳಿವೆ ದಾಟಿ ಸಮುದ್ರದ ನೀರಿನ ಮಾದರಿ ತರುವುದು ನನ್ನ ಸಂಶೋಧನೆಯ ಕೆಲಸ. ಒಂದು ಏಪ್ರಿಲ್ ಬೆಳಿಗ್ಗೆ ಮಳೆ ಸೊನ್ನೆ, ಗಾಳಿ ಕಡಿಮೆ, ಅಲೆ ಬರೀ 1.2 ಮೀಟರ್ ಅಂತ ಫೋನ್ ತೋರಿಸ್ತಿತ್ತು.

"ಅಳಿವೆ ಬಾಯಿ ಸರಿ ಇಲ್ಲ ತಮಾ, ಭರತ ಬರೋ ತನಕ ತಡಿ" ಅಂದರು ತಾಂಡೇಲರು. ನಾನು ಫೋನ್ ತೋರಿಸಿ ಹೊರಡಿಸಿದೆ. ಮರಳ ದಿಬ್ಬದ ಹತ್ತಿರ ಆಳೆತ್ತರದ ಅಲೆ ಎದ್ದು ದೋಣಿಯನ್ನು ಅಡ್ಡ ತಿರುಗಿಸಿತು. ಬಲೆ, ಮಾದರಿ ಬಾಟಲಿಗಳ ಪೆಟ್ಟಿಗೆ ನೀರುಪಾಲು. ಅವರ ಮೊಣಕೈಗೆ ಬಲವಾದ ಪೆಟ್ಟು. ದಡಕ್ಕೆ ಬಂದು ನೋಡಿದರೆ ಅದೇ ಫೋನಿನಲ್ಲಿ ಎಚ್ಚರಿಕೆಯೂ ಇತ್ತು. ಆ ಸಾಲನ್ನು ನಾನು ಓದಿರಲಿಲ್ಲ.

ಅದು 'ಪೀರಿಯಡ್' ಅನ್ನುವ ಸಾಲು. ಒಂದು ಅಲೆಯ ತಲೆ ದಾಟಿ ಮುಂದಿನದು ಬರಲು ಹಿಡಿಯುವ ಸೆಕೆಂಡುಗಳು. ಹತ್ತಿರದ ಗಾಳಿ ಎಬ್ಬಿಸುವ ಅಲೆಗೆ ಸಾಮಾನ್ಯವಾಗಿ 4ರಿಂದ 8 ಇರುತ್ತೆ. ಅವತ್ತು 16 ಇತ್ತು! ಅಂದರೆ ದೂರದ ದಕ್ಷಿಣ ಸಾಗರದ ಬಿರುಗಾಳಿಯಲ್ಲಿ ಹುಟ್ಟಿ, ದಿನಗಟ್ಟಲೆ ಸಾಗಿ ಬಂದ 'ಸ್ವೆಲ್' ಅಲೆ. ನಮ್ಮಲ್ಲಿ ತೆಂಗಿನ ಗರಿ ಅಲುಗದಿದ್ದರೂ ಅದು ಬರುತ್ತೆ. ಇಂಥ ಅಲೆ ನುಗ್ಗುವುದನ್ನೇ ಕೇರಳದವರು 'ಕಳ್ಳಕ್ಕಡಲ್' ಅನ್ನೋದು. ಆಳ ನೀರಲ್ಲಿ 8 ಸೆಕೆಂಡಿನ ಅಲೆ ಸುಮಾರು 100 ಮೀಟರ್ ಉದ್ದ, 16ರದ್ದು ಸುಮಾರು 400. ಇಷ್ಟುದ್ದದ ಅಲೆ ದಿಬ್ಬದ ಮೇಲೆ ಬಂದಾಗ ವೇಗ ಕಳೆದುಕೊಂಡು ಮೇಲೇಳುತ್ತೆ. ಎದುರಿಂದ ಇಳಿತದ ನೀರು ಹರಿದರೆ ಇನ್ನೂ ಕಡಿದಾಗುತ್ತೆ. ನಾವು ಹೋದದ್ದು ಹುಣ್ಣಿಮೆಯ ಮರುದಿನ, ಸೆಳೆತ ಜಾಸ್ತಿ ಇರುವ ಇಳಿತದಲ್ಲೇ.

ಈಗ ಮೊದಲು ತೆರೆಯುವುದು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ತಾಣ. ಅವರ 'ಸಮುದ್ರ' ಆ್ಯಪ್ ಕೂಡ ಇದೆ. ಜೊತೆಗೆ ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆ. ಎರಡರಲ್ಲಿ ಒಂದು ಬೇಡ ಅಂದರೂ ನಾನು ಹೊರಡಲ್ಲ. ಆಮೇಲೆ ವಿಂಡಿಯಲ್ಲಿ ಗಾಳಿಗೆ ಯುರೋಪಿನ ಇಸಿಎಂಡಬ್ಲ್ಯೂಎಫ್, ಅಮೆರಿಕದ ಜಿಎಫ್‌ಎಸ್ ಎರಡೂ ಮಾದರಿ ಹೋಲಿಸುತ್ತೇನೆ. ಅವು ಒಂದಕ್ಕೊಂದು ಹೊಂದದಿದ್ದರೆ ನೆಚ್ಚಿಕೊಳ್ಳಬೇಡಿ. ಸ್ವೆಲ್ ಎತ್ತರ, ಪೀರಿಯಡ್ ಬೇರೆಯಾಗಿ ನೋಡಿ, ಪಕ್ಕದಲ್ಲಿ ಭರತ-ಇಳಿತದ ಸಮಯ ಬರೆದಿಟ್ಟುಕೊಳ್ಳಿ. ಕೆಲವು ತಾಣಗಳು ಸಮಯವನ್ನು ಯುಟಿಸಿಯಲ್ಲಿ ಕೊಡುತ್ತವೆ, ಅದಕ್ಕೆ ಐದೂವರೆ ಗಂಟೆ ಸೇರಿಸಬೇಕು. ಇದನ್ನು ಮರೆತು ಒಮ್ಮೆ ಮಧ್ಯಾಹ್ನದ ಗಾಳಿಗೆ ಸಿಕ್ಕಿಬಿದ್ದಿದ್ದೆ, ಅದು ಬೇರೆ ಕಥೆ. ದಡದಲ್ಲೇ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ, ಹೊರಗೆ ನೆಟ್‌ವರ್ಕ್ ನಂಬುವಂತಿಲ್ಲ.

ಇನ್ನೊಂದು ಮಾತು. ಮುನ್ಸೂಚನೆಯ 1.2 ಮೀಟರ್ ಅನ್ನೋದು ಎಲ್ಲ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಭಾಗದ ಸರಾಸರಿ, ಒಂಟಿ ಅಲೆ ಅದರ ಹತ್ತಿರ ಹತ್ತಿರ ಎರಡು ಪಟ್ಟು ಬರಬಹುದು. ಮಾದರಿಗಳ ಚೌಕಗಳು ಕಿಲೋಮೀಟರ್‌ಗಟ್ಟಲೆ ಅಗಲ ಇರೋದರಿಂದ ಈ ವರ್ಷ ದಿಬ್ಬ ಎಲ್ಲಿ ಸರಿದಿದೆ ಅನ್ನೋದು ಅವಕ್ಕೆ ಗೊತ್ತಾಗಲ್ಲ. ಅದು ದಿನಾ ಅಳಿವೆ ದಾಟುವವರಿಗೇ ಗೊತ್ತು.

ಮೊನ್ನೆ ಪೀರಿಯಡ್ 15 ಕಂಡಿತು. ಬೇಡ ಅನ್ನಲು ತಾಂಡೇಲರಿಗೆ ಫೋನ್ ಹಚ್ಚಿದೆ. "ದೋಣಿ ಆಗಲೇ ಮೇಲೆ ಎಳೆದಾಯ್ತು, ನೀ ಚಾ ಕುಡಿಯೂಕೆ ಬಾ" ಅಂದರು.